ಜಗಳೂರಿನ ಮೆಕ್ಕೆಜೋಳವನ್ನು ಗ್ರೆಪ್‌ನಲ್ಲಿ ಹುಡುಕಿದ್ದು

ದಾವಣಗೆರೆ ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ದಿನಕ್ಕೊಂದು ಟೆಕ್ಸ್ಟ್ ಫೈಲ್. ರೈತರ ಹೆಸರು, ಊರು, ಮಾಲು, ಚೀಲ, ರೇಟು ಎಲ್ಲ ಒಂದೇ ಸಾಲಿನಲ್ಲಿ, ಕನ್ನಡದಲ್ಲೇ. ಸುಗ್ಗಿ ಮುಗಿದ ಮೇಲೆ ಸಾಹುಕಾರರು, "ಜಗಳೂರು ಕಡೆಯಿಂದ ಮೆಕ್ಕೆಜೋಳ ಯಾರ್ಯಾರು ಹಾಕಿದ್ರು, ತೆಗಿಯಪ್ಪ" ಅಂತಾರೆ. ಒಂದೊಂದೇ ಫೈಲ್ ತೆರೆದು ನೋಡುತ್ತಾ ಕೂರೋಕಾಗುತ್ತಾ? ನನ್ನ ಕಂಪ್ಯೂಟರಿನ ಲಿನಕ್ಸ್‌ನಲ್ಲಿ ಗ್ರೆಪ್ ಇದ್ದೇ ಇದೆ, ಕೊಟ್ಟ ಪದ ಇರುವ ಸಾಲುಗಳನ್ನು ಫೈಲುಗಳಿಂದ ಹೆಕ್ಕಿ ಕೊಡುವ ಕಮಾಂಡ್. ಲಿನಕ್ಸ್‌ಗಿಂತ ಹಳೆಯ ಆಪರೇಟಿಂಗ್ ಸಿಸ್ಟಮ್, 1973ರ ಯುನಿಕ್ಸ್‌ನಿಂದ ಬಂದ ಹಳೇ ಆಳು. ಜೊತೆಗೆ ಮೈನಸ್ ಆರ್ (-r) ಕೊಟ್ಟರೆ ಫೋಲ್ಡರ್ ಪೂರ್ತಿ ಜಾಲಾಡುತ್ತೆ, ಮೈನಸ್ ಎನ್ ಕೊಟ್ಟರೆ ಸಾಲಿನ ನಂಬರ್ ಹೇಳುತ್ತೆ. ದೊಡ್ಡಕ್ಷರ, ಸಣ್ಣಕ್ಷರದ ಭೇದ ಬಿಡಿಸುವ ಮೈನಸ್ ಐ ಕನ್ನಡಕ್ಕೆ ಬೇಕೇ ಇಲ್ಲ.

'ಜಗಳೂರು' ಅಂತ ಹುಡುಕಿದರೆ 'ಜಗಳೂರಿನ', 'ಜಗಳೂರಿಂದ' ಇರುವ ಸಾಲುಗಳು ಸಿಗಲ್ಲ. ಕಂಪ್ಯೂಟರಿಗೆ 'ರು' ಅಂದರೆ 'ರ' ಒಂದು, ಆಮೇಲೆ ಕೊಂಬು ಇನ್ನೊಂದು. ಹಾಗಾಗಿ ನಾನು ಕೊಂಬು ಬಿಟ್ಟು 'ಜಗಳೂರ' ಅಂತ ಕೊಡುತ್ತೇನೆ. ರು, ರಿ, ರಲ್ಲಿ, ಮೂರೂ ಬಲೆಗೆ ಬೀಳುತ್ತವೆ. ಇನ್ನೂ ಮೊಟಕು ಮಾಡಿ 'ಜಗಳ' ಅಂದರೆ ಮಾತ್ರ ತೂಕದ ಹತ್ತಿರ ಆದ ಜಗಳದ ಟಿಪ್ಪಣಿಗಳೂ ಮೆರವಣಿಗೆ ಬರುತ್ತವೆ!

ಗ್ರೆಪ್‌ಗೆ ಹುಡುಕಲು ಕೊಡುವ ಪ್ಯಾಟರ್ನ್‌ನಲ್ಲಿ ಚುಕ್ಕಿ ಅಂದರೆ ಯಾವುದಾದರೂ ಒಂದು ಅಕ್ಷರ. ಅಲ್ಲೂ ಇದೇ ಲೆಕ್ಕ. ನಾವು ಒಂದೇ ಅಕ್ಷರ ಅಂದುಕೊಳ್ಳುವ 'ಕ್ಷ'ಕ್ಕೆ ಮೂರು ಚುಕ್ಕಿ ಬೇಕು: ಕ, ವಿರಾಮ (ಒತ್ತಕ್ಷರ ಮಾಡುವ ಅರ್ಧಾಕ್ಷರದ ಚಿಹ್ನೆ), ಷ.

ಮಾಲಿನ ಹೆಸರಿನದು ಬೇರೆ ಕಥೆ. ನಾನು ಮೆಕ್ಕೆಜೋಳ ಅಂತ ಬರೆದರೆ, ರಾಣೆಬೆನ್ನೂರು ಕಡೆಯ ಇನ್ನೊಬ್ಬ ಗುಮಾಸ್ತ ಗೋವಿನಜೋಳ ಅಂತಾನೆ. ಕೆಲವು ಸಲ ನಡುವೆ ಜಾಗ ಬಿಟ್ಟಿರುತ್ತಾನೆ. ಅದಕ್ಕೆ ಮೈನಸ್ ಕ್ಯಾಪಿಟಲ್ ಇ ಹಾಕಿ 'ಮೆಕ್ಕೆ ?ಜೋಳ|ಗೋವಿನ ?ಜೋಳ' ಅಂತ ಕೊಡುತ್ತೇನೆ. ನಡುವಿನ ಉದ್ದ ಗೆರೆಯ ಅರ್ಥ 'ಅಥವಾ'. ಪ್ರಶ್ನೆ ಚಿಹ್ನೆಯ ಅರ್ಥ, ಮುಂಚಿನ ಜಾಗ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಜಗಳೂರಿನ ಸಾಲುಗಳನ್ನು ಪೈಪ್ ಮಾಡಿ, ಅಂದರೆ ಮೊದಲ ಗ್ರೆಪ್‌ನ ಉತ್ತರವನ್ನೇ ನೇರವಾಗಿ ಈ ಎರಡನೇ ಗ್ರೆಪ್‌ಗೆ ಕೊಟ್ಟರೆ ಪಟ್ಟಿ ರೆಡಿ.

ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ'ಯ ಹಳೇ ಫಾಂಟಿನಲ್ಲಿ ಬರೆದ ಫೈಲುಗಳು ಇದಕ್ಕೆ ಬಗ್ಗಲ್ಲ. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳು. ಅವನ್ನು ಮೊದಲು ಕನ್ನಡ ಅಕ್ಷರಗಳಿಗೇ ಸಂಕೇತ ಇರುವ ಯೂನಿಕೋಡ್‌ಗೆ ಬದಲಾಯಿಸಲೇಬೇಕು.

ಇನ್ನೊಂದು, ಮೈನಸ್ ಸಿ ಎಣಿಸುವುದು ಸಾಲುಗಳನ್ನು, ಚೀಲಗಳನ್ನಲ್ಲ. ಚೀಲ ಕೂಡಿಸಲು ಅದೇ ಸಾಲುಗಳನ್ನು ಆಕ್‌ (awk) ಎಂಬ ಇನ್ನೊಂದು ಕಮಾಂಡ್‌ಗೆ ಕೊಡುತ್ತೇನೆ.