ಮಕ್ಕಳ ಮೊದಲನೇ ಇಂಟರ್‌ವ್ಯೂ: ಮೆಲ್ಬರ್ನ್‌ಗೆ ಹೊಸದಾಗಿ ಬಂದಿರೋ ಅಪ್ಪ ಅಮ್ಮಂದಿರಿಗೆ

ಮೊದಲು ನಾನು ಮಾಡಿದ ಘನಕಾರ್ಯ ಹೇಳ್ಬಿಡ್ತೀನಿ, ಬುದ್ಧಿಮಾತು ಆಮೇಲೆ. ಮಗಳಿಗೆ 15 ತುಂಬಿದ ವರ್ಷ ಶಾಪಿಂಗ್ ಸೆಂಟರ್‌ನಲ್ಲಿರೋ ಒಂದು ಬಟ್ಟೆ ಅಂಗಡಿಯಿಂದ ಇಂಟರ್‌ವ್ಯೂಗೆ ಕರೆದ್ರು. ಮಗು ಒಬ್ಬಳೇ ಹೇಗೆ ಹೋಗ್ತಾಳೆ ಅಂತ ನಾನೂ ಜೊತೆಗೆ ಹೋದೆ, ಹೋಗಿದ್ದಲ್ದೆ ಕುರ್ಚಿ ಎಳ್ಕೊಂಡು ಪಕ್ಕದಲ್ಲೇ ಕೂತೆ. ಮ್ಯಾನೇಜರ್ ಅಂದ್ರೆ ವಯಸ್ಸಾದೋರು ಯಾರೋ ಇರ್ತಾರೆ ಅಂದ್ಕೊಂಡಿದ್ದೆ, ನೋಡಿದ್ರೆ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗಿ, ಮೂಗಿಗೊಂದು ರಿಂಗು, ಕೈ ತುಂಬ ಟ್ಯಾಟೂ. ಸ್ಕೂಲ್ ಹೇಗೆ ನಡೀತಿದೆ ಅಂತ ಮಗಳನ್ನ ಕೇಳಿದ್ಲು. ಉತ್ತರ ಕೊಟ್ಟಿದ್ದು ನಾನು! ಮ್ಯಾಥ್ಸಲ್ಲಿ ಕ್ಲಾಸಿಗೇ ಸೆಕೆಂಡು ಅಂತ. ಎರಡನೇ ಪ್ರಶ್ನೆಗೂ ನಾನೇ ಬಾಯಿ ಹಾಕಿದೆ. ಮೂರನೇದು ಕೇಳೋ ಮುಂಚೆ ಆ ಹುಡುಗಿ ಬಹಳ ಮರ್ಯಾದೆಯಿಂದ, ಹೊರಗಡೆ ಸೋಫಾ ಇದೆ, ಅಮ್ಮ ಅಲ್ಲಿ ಆರಾಮಾಗಿ ಕೂತ್ಕೋಬಹುದು ಅಂದ್ಲು. ಮಗಳ ಕಿವಿ ಕೆಂಪಾಗಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂಗಿದೆ. ಕೆಲ್ಸ ಸಿಗ್ಲಿಲ್ಲ ಅಂತ ಬೇರೆ ಹೇಳ್ಬೇಕಾ.

ಹಾಗಾಗಿ ಮೊದಲನೇ ಸಲಹೆ, ಕಾರಲ್ಲೇ ಕೂತಿರಿ. ಕಾರನ್ನೂ ಅಂಗಡಿ ಬಾಗಿಲಿಗೆ ತಂದು ನಿಲ್ಲಿಸ್ಬೇಡಿ.

ಓದೋ ಮಕ್ಕಳಿಗೆ ಕೆಲ್ಸ ಯಾಕೆ ಅಂತ ನೀವು ಕೇಳ್ತೀರ ಅಂತ ಗೊತ್ತು, ನಾನೂ ಕೇಳಿದ್ದೆ. ನಮ್ಮ ಕಡೆ ಹೈಸ್ಕೂಲ್ ಮಕ್ಕಳು ದುಡಿಯೋಕೆ ಹೋದ್ರು ಅಂದ್ರೆ ಮನೇಲೇನೋ ತೊಂದ್ರೆ ಇದೆ ಅಂತಾನೇ ಅರ್ಥ. ಫೋನಲ್ಲಿ ವಿಷ್ಯ ಗೊತ್ತಾದಾಗ ನಮ್ಮತ್ತೆ ಅಂದಿದ್ದು ಒಂದೇ ಮಾತು, ಅಷ್ಟು ಕಷ್ಟ ಇದ್ರೆ ವಾಪಸ್ ಬಂದ್ಬಿಡಿ. ಆದ್ರೆ ಇಲ್ಲಿ ಡಾಕ್ಟರ್ ಮಕ್ಕಳೂ ಸಂಜೆ ಹೋಗಿ ಬರ್ಗರ್ ಕಟ್ತಾರೆ, ಅದರಲ್ಲಿ ಅವಮಾನ ಅಂತ ಏನೂ ಇಲ್ಲ, ಕೆಲ್ಸ ಇಲ್ದಿರೋದೇ ಫ್ರೆಂಡ್ಸ್ ಮಧ್ಯೆ ಒಂಥರಾ ಕಾಣತ್ತೆ. ನಾನು ಒಂದು ವರ್ಷ ಬೇಡ ಬೇಡ ಅಂತ ಎಳೆದಾಡಿದೆ, ಅಷ್ಟರಲ್ಲಿ ಅವಳ ಜೊತೆಯ ಮಕ್ಕಳೆಲ್ಲ ಎರಡನೇ ಕೆಲ್ಸಕ್ಕೆ ಅಪ್ಲೈ ಮಾಡ್ತಿದ್ರು.

ಕಾಗದಪತ್ರದ್ದು ಬೇಗ ಮುಗಿಸ್ತೀನಿ. ವಿಕ್ಟೋರಿಯಾದಲ್ಲಿ ಸಾಮಾನ್ಯ ಕೆಲ್ಸಕ್ಕೆ 13 ಆಗಿರ್ಬೇಕು, 15ರ ಒಳಗಿನ ಮಕ್ಕಳನ್ನ ಇಟ್ಕೊಳ್ಳೋಕೆ ಮಾಲೀಕರ ಹತ್ರ ಲೈಸೆನ್ಸ್ ಇರ್ಬೇಕು, ಸ್ಕೂಲ್ ಟರ್ಮ್ ನಡೀವಾಗ ಆ ಮಕ್ಕಳಿಗೆ ದಿನಕ್ಕೆ 3 ಗಂಟೆ, ವಾರಕ್ಕೆ 12 ಗಂಟೆ ಮೀರೋ ಹಾಗಿಲ್ಲ. ಬೇರೆ ಸ್ಟೇಟಲ್ಲಿ ರೂಲ್ಸ್ ಬೇರೆ. ಟಿಎಫ್‌ಎನ್ ಅಂದ್ರೆ ಟ್ಯಾಕ್ಸ್ ನಂಬರ್, ಅದು ಎಟಿಓ ಅನ್ನೋ ಇಲ್ಲಿನ ಟ್ಯಾಕ್ಸ್ ಆಫೀಸಲ್ಲಿ ಫ್ರೀ ಆಗಿ ಸಿಗತ್ತೆ, ಮಾಡಿಸಿಕೊಡ್ತೀವಿ ಅಂತ ದುಡ್ಡು ಕೇಳೋ ವೆಬ್‌ಸೈಟ್‌ಗಳ ತಂಟೆಗೆ ಹೋಗ್ಬೇಡಿ. ಮಗೂ ಹೆಸರಲ್ಲೊಂದು ಬ್ಯಾಂಕ್ ಅಕೌಂಟು. 18ರ ಒಳಗಿದ್ರೆ ವಾರಕ್ಕೆ 30 ಗಂಟೆಗಿಂತ ಜಾಸ್ತಿ ಕೆಲ್ಸ ಮಾಡಿದ್ರೆ ಮಾತ್ರ ಮಾಲೀಕರು ಸೂಪರ್, ಅಂದ್ರೆ ರಿಟೈರ್ ಆದ್ಮೇಲಿನ ದುಡ್ಡು, ಕಟ್ಟಲೇಬೇಕಾಗತ್ತೆ. ಅಷ್ಟೇ.

ಇನ್ನು ರೆಸ್ಯೂಮೆ. ನಾನು ರಾತ್ರಿ ಕೂತು ಎರಡು ಪೇಜ್ ಟೈಪ್ ಮಾಡಿದ್ದೆ, ಫೋಟೋ, ಹುಟ್ಟಿದ ತಾರೀಕು, ಅಪ್ಪನ ಹೆಸರು, ಐದನೇ ಕ್ಲಾಸಿಂದ ಬಂದಿರೋ ಮಾರ್ಕ್ಸು, ಡ್ರಾಯಿಂಗ್ ಕಾಂಪಿಟೇಶನ್ ಸರ್ಟಿಫಿಕೇಟು, ಮದುವೆ ಬಯೋಡೇಟಾಗೆ ಜಾತಕ ಒಂದು ಕಮ್ಮಿ. ಅದ್ಯಾವುದೂ ಬೇಡ. ಒಂದೇ ಪೇಜ್ ಸಾಕು, ಹೆಸರು, ಫೋನು, ಇಮೇಲು, ಯಾವ ಸಬರ್ಬು, ಯಾವ್ಯಾವ ದಿನ ಎಷ್ಟೊತ್ತಿಗೆ ಬರೋಕಾಗತ್ತೆ, ಏನೇನು ಮಾಡಿ ಗೊತ್ತು, ಮತ್ತೆ ಇಬ್ಬರು ರೆಫರಿ, ಅಂದ್ರೆ ಕೇಳಿದ್ರೆ ಮಗು ಬಗ್ಗೆ ಹೇಳೋರು. ರೆಫರಿ ನೆಂಟರು ಆಗಿರ್ಬಾರ್ದು, ಟೀಚರು ಕೋಚು ಅಂಥೋರು, ಅವರನ್ನ ಮೊದಲೇ ಕೇಳಿ ಹೆಸರು ಹಾಕಿ. ಇಮೇಲ್ ಐಡೀನೂ ಒಂದ್ಸಲ ನೋಡಿ, ನಮ್ಮನೆ ಹುಡುಗ ಡ್ರ್ಯಾಗನ್ ಅಂತ ಶುರುವಾಗೋ ಗೇಮಿಂಗ್ ಐಡಿ ಹಾಕಿದ್ದ.

ಏನೇನು ಮಾಡಿ ಗೊತ್ತು ಅನ್ನೋ ಜಾಗದಲ್ಲಿ ಮಗಳು ಪೆನ್ನು ಕೆಳಗಿಟ್ಟು, ಅಮ್ಮ ನಂಗೇನೂ ಎಕ್ಸ್‌ಪೀರಿಯನ್ಸ್ ಇಲ್ಲ ಅಂದ್ಲು. ನಾನೂ ಹೂಂ ಅಂದೆ. ಈಗ ನೆನೆಸ್ಕೊಂಡ್ರೆ ನಗು ಬರತ್ತೆ, ಯಾಕಂದ್ರೆ ಹಿಂದಿನ ನವೆಂಬರ್‌ನಲ್ಲಿ ರಾಜ್ಯೋತ್ಸವದ ದಿನ ಇದೇ ಹುಡುಗಿ ಬಾಗಿಲಲ್ಲಿ ಟಿಕೆಟ್ ಟೇಬಲ್ ನೋಡ್ಕೊಂಡಿದ್ಲು. ಒಬ್ಬರು ಅಂಕಲ್ಲು ಫ್ಯಾಮಿಲಿ ಟಿಕೆಟಲ್ಲೇ ಊರಿಂದ ಬಂದಿದ್ದ ಅತ್ತೆ ಮಾವನ್ನೂ ಸೇರಿಸ್ಬೇಕು ಅಂತ ಜೋರು ಮಾಡ್ತಿದ್ರು, ಹಿಂದೆ ಕ್ಯೂ ಪಾರ್ಕಿಂಗ್‌ವರೆಗೂ ಬೆಳೆದಿತ್ತು. ಇವಳು ಎದ್ದು ನಿಂತು, ಅಂಕಲ್ ಒಂದ್ನಿಮಿಷ ಈ ಕಡೆ ಬನ್ನಿ, ಅಜ್ಜಿ ತಾತ ನಿಂತಿದ್ದಾರೆ ಪಾಪ, ಮೊದಲು ಅವರು ಒಳಗೆ ಕೂತ್ಕೊಳ್ಳಿ, ಟ್ರೆಶರರ್ ಆಂಟಿ ಬರ್ತಾರೆ, ಅವರ ಹತ್ರ ನೀವು ಮಾತಾಡಿ ಅಂತ ಅವರನ್ನ ಮೆಲ್ಲಗೆ ಪಕ್ಕಕ್ಕೆ ಕರ್ಕೊಂಡೋಗಿ ಕ್ಯೂ ಮುಂದಕ್ಕೆ ಬಿಟ್ಲು. ನಾನು ಪಕ್ಕದಲ್ಲೇ ಹೂವು ಕೊಡ್ತಾ ಇದೆಲ್ಲ ನೋಡಿದ್ದೆ. ಅದು ಕೆಲ್ಸ ಅಂತ ನನಗೆ ಅನಿಸಿರ್ಲೇ ಇಲ್ಲ. ಸಂಘದ ಸೇವೆ ಅಂತ ಪಕ್ಕಕ್ಕಿಟ್ಟಿದ್ದೆ. ಇಲ್ಲಿ ಹೆಚ್ಚುಕಮ್ಮಿ ಎಲ್ಲ ಇಂಟರ್‌ವ್ಯೂನಲ್ಲೂ ಕೋಪ ಮಾಡ್ಕೊಂಡಿರೋ ಕಸ್ಟಮರ್ ಬಂದ್ರೆ ಏನ್ಮಾಡ್ತೀಯ ಅಂತ ಕೇಳೇ ಕೇಳ್ತಾರೆ, ಅದಕ್ಕೆ ಇದಕ್ಕಿಂತ ಉತ್ತರ ಬೇಕಾ?

ಕನ್ನಡ ಕ್ಲಾಸಲ್ಲಿ ಚಿಕ್ಕ ಮಕ್ಕಳಿಗೆ ಅಕ್ಷರ ತಿದ್ದಿಸಿದ್ದು, ಕಾರ್ಯಕ್ರಮದಲ್ಲಿ ಊಟ ಬಡಿಸಿದ್ದು, ತಮ್ಮನ್ನ ಸ್ಕೂಲಿಂದ ಕರ್ಕೊಂಡು ಬರೋದು, ಅಜ್ಜಿ ಬಂದಾಗ ಫಾರ್ಮಸಿಯಲ್ಲಿ ಎರಡೂ ಕಡೆ ಮಾತಾಡಿ ಮಾತ್ರೆ ಅರ್ಥ ಮಾಡಿಸಿದ್ದು, ಎಲ್ಲ ಬರೀಬಹುದು, ಬರೀಲೇಬೇಕು. ಹೇಳೋವಾಗ ಕಥೆ ಥರ ಹೇಳ್ಲಿ. ಏನಾಗಿತ್ತು, ತನ್ನ ಪಾಲಿಗೆ ಬಂದ ಕೆಲ್ಸ ಏನು, ತಾನೇನು ಮಾಡಿದೆ, ಕೊನೆಗೆ ಏನಾಯ್ತು. ಇದಕ್ಕೆ ಇಲ್ಲಿ ಸ್ಟಾರ್ ಮೆಥಡ್ ಅಂತಾರೆ, ಸ್ಕೂಲಲ್ಲೂ ಹೇಳ್ಕೊಡ್ತಾರೆ.

ಇದರಲ್ಲಿ ನಮ್ಮೋರು ಬೀಳೋದು ಮೂರನೇ ಮೆಟ್ಟಿಲಲ್ಲಿ, ತಾನೇನು ಮಾಡಿದೆ ಅನ್ನೋದ್ರಲ್ಲಿ. ನನ್ನದೇ ಹೇಳ್ತೀನಿ. ನಾನಿಲ್ಲಿಗೆ ಬಂದಾಗ 11 ವರ್ಷದ ಅನುಭವ ಇತ್ತು, ಮೊದಲ ಇಂಟರ್‌ವ್ಯೂಗಳಲ್ಲೆಲ್ಲ ಸಿಕ್ಕಿದ ಉತ್ತರ ಲೋಕಲ್ ಎಕ್ಸ್‌ಪೀರಿಯನ್ಸ್ ಇಲ್ಲ ಅಂತ. ಅಂದ್ರೆ ನಾನೂ ನನ್ನ ಮಗಳೂ ಈ ದೇಶದಲ್ಲಿ ಶುರು ಮಾಡಿದ್ದು ಒಂದೇ ಗೆರೆಯಿಂದ, ಅನುಭವ ಇಲ್ಲ. ಒಂದ್ಕಡೆ ಮಾತ್ರ ಒಬ್ಬರು ಹೆಂಗಸು, ನಾನು ಪ್ರಾಜೆಕ್ಟ್ ಬಗ್ಗೆ ನಾವು ಮಾಡಿದ್ವಿ, ನಾವು ಮುಗಿಸಿದ್ವಿ ಅಂತ ಹತ್ತು ನಿಮಿಷ ಹೇಳಿದ್ಮೇಲೆ ಪೆನ್ನು ಎತ್ತಿ ಹಿಡಿದು, ಟೀಮ್ ಮಾಡ್ತು ಸರಿ, ನೀವೇನು ಮಾಡಿದ್ರಿ ಅಂತ ಕೇಳಿದ್ರು. ನನಗೆ ಬಾಯೇ ಬರ್ಲಿಲ್ಲ. ಮಾಡಿದ್ದೆಲ್ಲ ನಾನೇ, ಆದ್ರೆ ನಾನು ಅಂತ ಹೇಳ್ಕೊಳ್ಳೋಕೆ ನಾಲಿಗೆ ತಿರುಗ್ಲಿಲ್ಲ. ಚಿಕ್ಕವಳಿದ್ದಾಗ ನಾನು ನಾನು ಅಂತ ಹೇಳ್ಕೋಬೇಡ, ಜನ ಹೇಳ್ಬೇಕು ನಿನ್ನ ಬಗ್ಗೆ ಅಂತ ನಮ್ಮಪ್ಪ ಹೇಳಿದ್ದು ಅಷ್ಟು ಆಳಕ್ಕೆ ಇಳಿದಿತ್ತು. ಅದೇ ಮಾತನ್ನ ನಾನು ಮಗಳಿಗೂ ಹೇಳಿ ಬೆಳೆಸಿದ್ದೆ ನೋಡಿ, ಹಾಗಾಗಿ ಟಿಕೆಟ್ ಟೇಬಲ್ ಕಥೆ ಹೇಳು ಅಂದಾಗ ಅವಳೂ ನಾವೆಲ್ಲ ಸೇರಿ ಮ್ಯಾನೇಜ್ ಮಾಡಿದ್ವಿ ಅಂತ ಒಂದೇ ಸಾಲಲ್ಲಿ ಮುಗಿಸಿದ್ಲು. ನಮ್ಮಪ್ಪ ಹೇಳಿದ್ದು ತಪ್ಪು ಅಂತ ನಾನು ಈಗಲೂ ಒಪ್ಪಲ್ಲ. ಇಂಟರ್‌ವ್ಯೂ ನಡೆಯೋ ಆ ಇಪ್ಪತ್ತು ನಿಮಿಷಕ್ಕೆ ಮಾತ್ರ ಅದನ್ನ ಪಕ್ಕಕ್ಕಿಡು ಅಂತ ಮಗೂಗೆ ಹೇಗೆ ಹೇಳೋದು ಅಂತ ಇನ್ನೂ ಸರಿಯಾಗಿ ತಿಳಿದಿಲ್ಲ.

ಕಣ್ಣು ನೋಡಿ ಮಾತಾಡೋದೂ ಹಾಗೇ. ದೊಡ್ಡೋರ ಮುಂದೆ ತಲೆ ತಗ್ಗಿಸೋದು ನಮಗೆ ಮರ್ಯಾದೆ, ಇಲ್ಲಿನೋರಿಗೆ ಏನೋ ಮುಚ್ಚಿಡ್ತಿದ್ದಾರೆ ಅನ್ಸತ್ತೆ. ಸರ್ ಮೇಡಂ ಬೇಡ, ಹೆಸರು ಹಿಡಿದೇ ಕರೀಬೇಕು. ತಲೆ ಆಡಿಸ್ತೀವಲ್ಲ, ಅದು ಹೌದೋ ಅಲ್ವೋ ಅಂತ ಅವರಿಗೆ ಗೊತ್ತಾಗಲ್ಲ, ಬಾಯ್ಬಿಟ್ಟು ಎಸ್ ಅನ್ಲಿ.

ಮನೇಲಿ ಪ್ರಾಕ್ಟೀಸ್ ಮಾಡಿಸೋದು ಒಳ್ಳೇದೇ, ಆದ್ರೆ ನೀವು ಮಾಡಿಸ್ಬೇಡಿ. ನಾನು ಹಾರ್ಡ್‌ವರ್ಕಿಂಗ್, ಸಿನ್ಸಿಯರ್, ಒಬೀಡಿಯೆಂಟ್ ಅಂತ ಉತ್ತರ ಬರೆದುಕೊಟ್ಟು ಬಾಯಿಪಾಠ ಮಾಡಿಸಿದ್ದೆ, ಅವಳು ಮಗ್ಗಿ ಒಪ್ಪಿಸೋ ಥರ ಒಪ್ಪಿಸ್ತಿದ್ಲು. ಕೊನೆಗೆ ಪಕ್ಕದ ಬೀದಿಯ ರಿಟೈರ್ಡ್ ಟೀಚರ್ ಒಬ್ಬರ ಮನೇಲಿ ಕೂತು ಎರಡು ಸಂಜೆ ಮಾತಾಡಿ ಬಂದ್ಲು, ಅಷ್ಟೇ ಸಾಕಾಯ್ತು. ಇಲ್ಲಿ ಯಾಕೆ ಕೆಲ್ಸ ಬೇಕು ಅಂತ ಕೇಳಿದ್ರೆ ನನ್ನ ಬಹುದಿನಗಳ ಕನಸು ಅಂತೆಲ್ಲ ಬೇಡ, ಬ್ರೆಡ್ ಮಾರೋದು ಯಾರ ಕನಸೂ ಅಲ್ಲ ಅಂತ ಅವರಿಗೂ ಗೊತ್ತು. ಮನೆಗೆ ಹತ್ರ, ಸ್ಕೂಲ್ ಮುಗಿಸಿ ನಡ್ಕೊಂಡೇ ಬರಬಹುದು, ಇಲ್ಲಿ ನಾನು ಬಂದಾಗೆಲ್ಲ ಸ್ಟಾಫ್ ಚೆನ್ನಾಗಿ ಮಾತಾಡಿಸ್ತಾರೆ, ಅಂಥ ನಿಜ ಸಾಕು. ಯಾವಾಗ ಬರೋಕಾಗತ್ತೆ ಅನ್ನೋದಕ್ಕೂ ನಿಜವನ್ನೇ ಹೇಳ್ಲಿ, ಖುಷಿಪಡಿಸೋಕೆ ಎನಿ ಟೈಮ್ ಅಂದ್ಬಿಟ್ಟು ಆಮೇಲೆ ಪರೀಕ್ಷೆ ವಾರದಲ್ಲಿ ಒದ್ದಾಡೋದು ಬೇಡ. ಕೊನೇಲಿ ನಿಂದೇನಾದ್ರೂ ಪ್ರಶ್ನೆ ಇದೆಯಾ ಅಂದ್ರೆ ಇಲ್ಲ ಅನ್ಬಾರ್ದು, ಟ್ರೇನಿಂಗ್ ಹೇಗಿರತ್ತೆ, ಯಾರ ಜೊತೆ ಇರ್ತೀನಿ ಅಂತ ಒಂದು ಕೇಳ್ಲಿ.

ದೊಡ್ಡ ಅಂಗಡಿಗಳಲ್ಲಿ ಗ್ರೂಪ್ ಇಂಟರ್‌ವ್ಯೂ ಇರತ್ತೆ, ಎಂಟ್ಹತ್ತು ಮಕ್ಕಳನ್ನ ಕೂರಿಸಿ ಏನೋ ಆಟ ಕೊಡ್ತಾರೆ. ಜೋರಾಗಿ ಮಾತಾಡೋರೇ ಗೆಲ್ತಾರೆ ಅಂತಿಲ್ಲ, ಆದ್ರೆ ಪೂರ್ತಿ ಸುಮ್ನಿದ್ರೆ ಲೆಕ್ಕಕ್ಕೇ ಇಲ್ಲ. ಬೇರೆ ಮಗು ಹೇಳಿದ್ದನ್ನ ಅದರ ಹೆಸರು ಹಿಡಿದು ಒಪ್ಕೊಂಡು ತಂದೊಂದು ಮಾತು ಸೇರಿಸಿದ್ರೆ ಸಾಕು. ಬಟ್ಟೆ, ಒಗೆದು ಇಸ್ತ್ರಿ ಮಾಡಿರೋ ಶರ್ಟು, ಕಪ್ಪು ಪ್ಯಾಂಟು, ಮುಚ್ಚಿದ ಶೂ. ನಾನು ಬ್ಯಾಂಕ್ ಪರೀಕ್ಷೆಗೆ ಕಳಿಸೋ ಥರ ಕಳಿಸಿದ್ದೆ.

ಈಗ ಸಿಟ್ಟಿನ ವಿಷ್ಯ. ಎರಡನೇ ಇಂಟರ್‌ವ್ಯೂ ಒಂದು ಕೆಫೆನಲ್ಲಿ, ಟ್ರಯಲ್ ಅಂತ ಹೇಳಿ ಎರಡು ಸಂಜೆ ಪೂರ್ತಿ ಪಾತ್ರೆ ತೊಳೆಸಿದ್ರು, ದುಡ್ಡೂ ಇಲ್ಲ ಫೋನೂ ಇಲ್ಲ. ನಾವು ಗಂಡ ಹೆಂಡ್ತಿ ಮೊದಲ ಕೆಲ್ಸ, ಕೇಳಿದ್ರೆ ಅವರು ಬೇಜಾರ್ ಮಾಡ್ಕೋತಾರೆ ಅಂತ ಸುಮ್ನಿದ್ವಿ. ಸುಮ್ನಿರಬಾರದಿತ್ತು! ಆ ಕೆಲ್ಸ ಬರತ್ತಾ ಇಲ್ವಾ ಅಂತ ಪಕ್ಕದಲ್ಲೇ ನಿಂತು ನೋಡೋಕೆ ಎಷ್ಟು ಹೊತ್ತು ಬೇಕೋ ಅಷ್ಟಕ್ಕೆ ಮಾತ್ರ ಸಂಬಳ ಇಲ್ದಿರೋ ಟ್ರಯಲ್ ನಡೆಯತ್ತೆ, ಅದಕ್ಕಿಂತ ಮುಂದೆ ಹೋದ್ರೆ ಕೊಡ್ಲೇಬೇಕು. ಇಂಥ ಸಂಬಳದ ದೂರು ಕೇಳೋ ಸರ್ಕಾರಿ ಕಚೇರಿ ಫೇರ್ ವರ್ಕ್ ಆಂಬುಡ್ಸ್‌ಮನ್ ನಂಬರ್ 13 13 94, ಫ್ರಿಡ್ಜ್ ಮೇಲೆ ಅಂಟಿಸ್ಕೊಳ್ಳಿ. ಇನ್ನೊಂದು, ನಮ್ಮೋರೇ ಅಲ್ವಾ ಅಂತ ಕೈಗೆ ಕ್ಯಾಶ್ ಕೊಡೋ ಕಡೆಗೆ ಕಳಿಸ್ಬೇಡಿ, ಪೇಸ್ಲಿಪ್ ಇಲ್ದಿರೋ ಕೆಲ್ಸದಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಸಂಬಂಧಾನೂ ಹೋಗತ್ತೆ ದುಡ್ಡೂ ಹೋಗತ್ತೆ. ರೇಟು ದೊಡ್ಡೋರಿಗಿಂತ ಕಮ್ಮಿ ಇರತ್ತೆ, ಅದು ಮೋಸ ಅಲ್ಲ, ಅಂಗಡಿ ಕೆಲ್ಸದ ಸಂಬಳ ಗೊತ್ತುಮಾಡೋ ರೀಟೇಲ್ ಅವಾರ್ಡ್‌ನಲ್ಲಿ 16ರ ಒಳಗಿದ್ರೆ ದೊಡ್ಡೋರ ರೇಟಿನ 45%, 16ಕ್ಕೆ 50%, 17ಕ್ಕೆ 60%. ಕ್ಯಾಶುಯಲ್, ಅಂದ್ರೆ ಖಾಯಂ ಅಲ್ದಿರೋ ಕೆಲ್ಸ, ಆದ್ರೆ ಅದರ ಮೇಲೆ 25% ಸೇರಿಸಿ ಕೊಡ್ಬೇಕು, ರಜೆ ಸಂಬಳ ಇರಲ್ಲ.

ಇಂಟರ್‌ವ್ಯೂ ಆದ್ಮೇಲೆ ಉತ್ತರ ಬರ್ದಿರೋದು ಇಲ್ಲಿ ಮಾಮೂಲು. ವಾರ ಬಿಟ್ಟು ಮಗೂನೇ ಫೋನ್ ಮಾಡಿ ಕೇಳ್ಲಿ. ಬಟ್ಟೆ ಅಂಗಡಿಗೆ ನಾನು ಫೋನ್ ಮಾಡಿ ನಮ್ಮ ಹುಡುಗಿ ರಿಸಲ್ಟ್ ಏನಾಯ್ತು ಅಂತ ಕೇಳಿದ್ದೆ ಅಂತ ಮಗಳಿಗೆ ಇನ್ನೂ ಗೊತ್ತಿಲ್ಲ, ಇದನ್ನ ಅವಳು ಓದಲ್ಲ ಅನ್ನೋ ಧೈರ್ಯದಲ್ಲಿ ಬರೀತಿದ್ದೀನಿ. ಕನ್ನಡ ಮಾತಾಡ್ತಾಳೆ, ಇಷ್ಟುದ್ದ ಓದೋ ತಾಳ್ಮೆ ಇಲ್ಲ.

ಮೂರನೇ ಸಲ ಬೇಕರೀಲಿ ಸಿಕ್ತು. ಒಳಗೆ ಏನು ಕೇಳಿದ್ರು ಅಂದ್ರೆ, ಮಾತು ಅರ್ಥ ಆಗ್ದೇ ಇರೋರಿಗೆ ಯಾವಾಗಾದ್ರೂ ಸಹಾಯ ಮಾಡಿದ್ದೀಯಾ ಅಂತ ಕೇಳಿದ್ರಂತೆ, ಅಜ್ಜಿ ಮಾತ್ರೆ ಕಥೆ ಹೇಳಿದ್ಲಂತೆ. ನಾನು ಹೇಳ್ಕೊಟ್ಟಿದ್ದು ಒಂದೂ ಹೇಳಿಲ್ಲ. ಈಗ ಬೀದಿಯಲ್ಲಿ ಹೋಗ್ತಿದ್ರೆ ಮುದುಕರು, ನಾಯಿ ಹಿಡ್ಕೊಂಡು ಹೋಗೋರು, ಎಲ್ಲ ಅವಳ ಹೆಸರು ಹಿಡಿದು ಮಾತಾಡಿಸ್ತಾರೆ. ಒಂಬತ್ತು ವರ್ಷದಿಂದ ಅದೇ ಬೀದಿಯಲ್ಲಿ ಓಡಾಡ್ತಿದ್ದೀನಿ, ನನ್ನ ಹೆಸರು ಇಬ್ಬರಿಗೆ ಗೊತ್ತು.

ಕೆಲ್ಸಕ್ಕೆ ಸೇರೋವಾಗ ಫಾರ್ಮಲ್ಲಿ ಶನಿವಾರ ಮಧ್ಯಾಹ್ನ ಒಂದರ ಮೇಲೆ ಅಂತ ಬರೆದಿದ್ಲು, ಬೆಳಗ್ಗೆ ಕನ್ನಡ ಕ್ಲಾಸಿಗೆ ಅಂತ. ಎರಡು ತಿಂಗಳಾದ್ಮೇಲೆ ಮ್ಯಾನೇಜರ್ ಶನಿವಾರ ಬೆಳಗ್ಗೆ ಬರ್ತೀಯಾ ಅಂತ ಕೇಳಿದಾಗ ನನ್ನ ಹತ್ರ ಬಂದು ಏನ್ಮಾಡ್ಲಿ ಅಂದ್ಲು. ಅಷ್ಟು ದಿನ ಎಲ್ಲದಕ್ಕೂ ಬಾಯಿ ಹಾಕಿದ್ದ ನಾನು ಅವತ್ತೇ ದೊಡ್ಡ ಮನುಷ್ಯಳ ಥರ ನಿನ್ನಿಷ್ಟ ಅಂದ್ಬಿಟ್ಟೆ. ಈಗ ಶನಿವಾರ ಕ್ಲಾಸಿಗೆ ಮಗನೊಬ್ಬನನ್ನೇ ಕರ್ಕೊಂಡು ಹೋಗ್ತೀನಿ. ದಾರೀಲಿ ಬೇಕರಿ ಎದುರಿಗೇ ಸಿಗ್ನಲ್ಲು, ರೆಡ್ ಬಿದ್ರೆ ಗಾಜಿನಾಚೆ ಅವಳು ಕಾಣ್ತಾಳೆ, ಕೂದಲು ಕಟ್ಟಿ ಟೋಪಿ ಹಾಕ್ಕೊಂಡು ಪೇಪರ್ ಕವರಿಗೆ ಬ್ರೆಡ್ ತುಂಬ್ತಾ ಯಾರ ಜೊತೆಗೋ ನಗ್ತಿರ್ತಾಳೆ. ನಮ್ಮ ಕಡೆ ನೋಡಲ್ಲ. ಮಗ ಪ್ರತಿ ಸಲ ಕಾರಿನ ಗ್ಲಾಸ್ ಇಳಿಸಿ ಕೈ ಬೀಸ್ತಾನೆ, ಹಾರ್ನ್ ಹೊಡಿ ಅಮ್ಮ ಅಂತಾನೆ. ನಾನು ಹೊಡೆಯಲ್ಲ, ಅಷ್ಟರಲ್ಲಿ ಗ್ರೀನ್ ಆಗತ್ತೆ.