ಎರೆಮಣ್ಣಿನ ಮೇಲೊಂದು ಕಟ್ಟೆ: ವಿಶ್ವವಿದ್ಯಾಲಯದ ಗ್ಯಾಲರಿಯಲ್ಲಿ ನನ್ನ ಅನುಭವ

ಕಟ್ಟೆ ವಾಲಿದ್ದನ್ನು ಮೊದಲು ಕಂಡವರು ನಮ್ಮ ಗ್ಯಾಲರಿಯ ಕಾವಲುಗಾರರು. ಜುಲೈ ತಿಂಗಳು, ನಾಲ್ಕು ದಿನ ಬಿಡದೆ ಸುರಿದ ಮಳೆ ಆಗಷ್ಟೇ ನಿಂತಿತ್ತು. ‘ಮೇಡಂ, ನಿಮ್ಮ ಕಲ್ಲು ಕುಂತದ ನೋಡ್ರಿ’ ಅಂದರು. ಓಡಿ ಹೋಗಿ ನೋಡಿದೆ. ಮೂಡಣ ಮೂಲೆ ಎರಡು ಬೆರಳಿನಷ್ಟು ಕೆಳಗಿಳಿದಿತ್ತು. ಕಲ್ಲಿನ ಮೂರನೆಯ ಮತ್ತು ನಾಲ್ಕನೆಯ ಸಾಲಿನ, ಅಂದರೆ ವರಸೆಯ, ನಡುವೆ ಸಂದು ಬಾಯಿಬಿಟ್ಟಿತ್ತು. ಹನ್ನೊಂದು ವಿದ್ಯಾರ್ಥಿಗಳು ಎರಡು ತಿಂಗಳು ಬಿಸಿಲಲ್ಲಿ ನಿಂತು ಕಟ್ಟಿದ್ದು. ಅಲ್ಲೇ ಒದ್ದೆ ನೆಲದ ಮೇಲೆ ಕೂತುಬಿಟ್ಟೆ.

ನಾನು ಕಲಬುರಗಿ ಸೀಮೆಯ ಒಂದು ವಿಶ್ವವಿದ್ಯಾಲಯದಲ್ಲಿ ದೃಶ್ಯಕಲೆ ಕಲಿಸುತ್ತೇನೆ, ಅಲ್ಲಿನ ಗ್ಯಾಲರಿಯ ಜವಾಬ್ದಾರಿಯೂ ನನ್ನದೇ. ಆ ಕಟ್ಟೆ ಯಾಕೆ ಬೇಕಾಯಿತು ಎಂಬುದನ್ನು ಮೊದಲು ಹೇಳಬೇಕು.

ಗ್ಯಾಲರಿ ವಹಿಸಿಕೊಂಡ ಮೊದಲ ವರ್ಷ ನಾಲ್ಕು ಪ್ರದರ್ಶನ ಮಾಡಿದೆ. ಉದ್ಘಾಟನೆಯ ದಿನ ದೀಪ, ಹಾರ, ಭಾಷಣ, ಚಹಾ. ಮರುದಿನದಿಂದ ಬಾಗಿಲು ತೆರೆದಿದ್ದರೂ ಒಳಗೆ ಫ್ಯಾನು ತಿರುಗುವ ಸದ್ದು ಬಿಟ್ಟರೆ ಬೇರೇನಿಲ್ಲ. ಸಹಿ ಪುಸ್ತಕ ತೆಗೆದರೆ ನಮ್ಮ ವಿಭಾಗದ ಹುಡುಗ ಹುಡುಗಿಯರ ಹೆಸರುಗಳೇ. ಎದುರಿನ ದಾರಿಯಲ್ಲೋ ದಿನವೂ ನೂರಾರು ಜನ ಓಡಾಡುತ್ತಿದ್ದರು. ಹಾಸ್ಟೆಲಿಗೆ ಹೋಗುವವರು, ಮೆಸ್ಸಿನ ಅಡುಗೆಯವರು, ಕಸ ಗುಡಿಸುವ ಹೆಂಗಸರು, ಅಂಕಪಟ್ಟಿಗಾಗಿ ಹಳ್ಳಿಯಿಂದ ಮಕ್ಕಳ ಜೊತೆ ಬಂದ ತಂದೆತಾಯಿ.

ಒಂದು ದಿನ ಗುಡಿಸುವ ಮೂವರು ಅಕ್ಕಂದಿರನ್ನು ನಾನೇ ಕರೆದೆ. ಚಪ್ಪಲಿ ಬಾಗಿಲಲ್ಲೇ ಬಿಟ್ಟರು. ಬೇಡ, ಹಾಗೇ ಬನ್ನಿ ಅಂದರೂ ಕೇಳಲಿಲ್ಲ. ಸೆರಗು ಹೊದ್ದುಕೊಂಡು ಗೋಡೆಯ ಅಂಚಿಗೇ ನಡೆದು ಒಂದೇ ನಿಮಿಷಕ್ಕೆ ಹೊರಗೆ ಹೋದರು. ಹೋಗುವಾಗ ಒಬ್ಬರು ಮೆಲ್ಲಗೆ ಕೇಳಿದರು: ‘ಎಲ್ಲಿ ನಿಂತು ನೋಡಬೇಕ್ರೀ ಮೇಡಂ?’

ಈ ಪ್ರಶ್ನೆ ನನ್ನನ್ನು ಬಹಳ ದಿನ ಬಿಡಲಿಲ್ಲ. ಚಿತ್ರದ ನಡುಮಧ್ಯ ನೆಲದಿಂದ 57ರಿಂದ 60 ಇಂಚಿನಲ್ಲಿ ಬರಬೇಕು ಎಂದು ಕಲಿತಿದ್ದೆ, ಹಾಗೇ ತೂಗುಹಾಕುತ್ತಿದ್ದೆ. ಆ ಅಕ್ಕಂದಿರ ಪಕ್ಕ ನಿಂತಾಗಲೇ ಅವರ ಕಣ್ಣಿನ ಮಟ್ಟ ಎಷ್ಟು ಕೆಳಗಿದೆ ಎಂದು ಗೊತ್ತಾದದ್ದು. ಅಂದಿನಿಂದ 54 ಇಂಚಿಗೆ ಇಳಿಸಿದ್ದೇನೆ. ಎತ್ತರದವರು ಸ್ವಲ್ಪ ಬಗ್ಗಲಿ, ತೊಂದರೆಯಿಲ್ಲ. ನಡುವೆ ಎರಡು ಬೆಂಚು ಹಾಕಿಸಿದೆ. ಪಡುವಣ ಕಿಟಕಿಗೆ ದಪ್ಪ ಬಟ್ಟೆ ಬಿಗಿಸಿದೆ. ಕಾಗದದ ಮೇಲಿನ ಕೃತಿಗೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದು, ನಮ್ಮ ಮಧ್ಯಾಹ್ನದ ಬಿಸಿಲು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಇವೆಲ್ಲ ಬೇಗ ಮುಗಿದವು. ಜನರನ್ನು ಬಾಗಿಲು ದಾಟಿಸುವುದು ಮಾತ್ರ ಆಗಲಿಲ್ಲ.

ನಾನು ಎರಡು ವರ್ಷ ಶಾಂತಿನಿಕೇತನದ ಕಲಾಭವನದಲ್ಲಿ ಓದಿದವಳು. ಅಲ್ಲಿ ಶಿಲ್ಪಿ ರಾಮ್‌ಕಿಂಕರ್ ಬೈಜ್ 1938ರಲ್ಲಿ ಮಾಡಿದ ‘ಸಂತಾಲ ಕುಟುಂಬ’ ಬಯಲಿನಲ್ಲಿ ನಿಂತಿದೆ. ಹೆಗಲ ಮೇಲೆ ಅಡ್ಡೆ ಹೊತ್ತ ಗಂಡಸು, ಜೊತೆಗೆ ಹೆಂಗಸು, ಮಗು, ನಾಯಿ. ಸಂಸಾರ ಕಟ್ಟಿಕೊಂಡು ಎಲ್ಲಿಗೋ ಹೊರಟವರು. ಕಂಚು, ಅಮೃತಶಿಲೆ ಯಾವುದೂ ಇಲ್ಲ. ಕಬ್ಬಿಣದ ಹಂದರದ ಮೇಲೆ ಸಿಮೆಂಟಿಗೆ ಅದೇ ಬೀರಭೂಮ ಜಿಲ್ಲೆಯ ಕೆಂಪು ಜಂಬಿಟ್ಟಿಗೆ ಹರಳು ಕಲಸಿ ಎಸೆದು ಎಸೆದು ಮೆತ್ತಿದ್ದು. ದಿನವೂ ಅದರ ಮುಂದೆ ಸೈಕಲ್ ತುಳಿದು ಹೋಗುತ್ತಿದ್ದೆ. ಆ ಊರಿನ ನೆಲವೇ ಎದ್ದು ನಡೆದ ಹಾಗೆ ಕಾಣುತ್ತಿತ್ತು.

ನಮ್ಮ ಗ್ಯಾಲರಿಯ ಹೊರಗೂ ಅಂಥದ್ದೊಂದು ಕಟ್ಟಬೇಕು ಅನ್ನಿಸಿತು. ನಮ್ಮ ನೆಲದ್ದು ಏನು? ಉತ್ತರ ಕಾಲಡಿಯಲ್ಲೇ ಇತ್ತು. ಶಹಾಬಾದ್ ಕಲ್ಲು. ಇಲ್ಲಿ ಫರಸಿ ಅನ್ನುತ್ತೇವೆ. ಬೂದಿ ಬಣ್ಣದ ಸುಣ್ಣದಕಲ್ಲು, ಹಾಳೆ ಹಾಳೆಯಾಗಿ ಏಳುತ್ತದೆ. ನಮ್ಮ ಕಡೆ ಅಡುಗೆಮನೆಯ ನೆಲ, ದನದ ಕೊಟ್ಟಿಗೆ, ಗುಡಿಯ ಅಂಗಳ ಎಲ್ಲದಕ್ಕೂ ಅದೇ. ಪಾಲಿಶ್ ಮಾಡುವ ಘಟಕಗಳ ಹಿಂದೆ ಒಡೆದ ಚೂರುಗಳ ಗುಡ್ಡೆಗಳೇ ಇರುತ್ತವೆ. ಕೇಳಿದ ಕೂಡಲೇ ಒಯ್ಯಿರಿ ಅಂದರು. ನಮಗೆ ಬಿದ್ದದ್ದು ಟ್ರ್ಯಾಕ್ಟರ್ ಬಾಡಿಗೆ ಮಾತ್ರ.

ವಿದ್ಯಾರ್ಥಿಗಳು ಬರೆದ ಮೊದಲ ನಕ್ಷೆಯಲ್ಲಿ ಹಾಳೆಗಳು ನೆಟ್ಟಗೆ ನಿಂತಿದ್ದವು, ಜನರ ಸಾಲಿನ ಹಾಗೆ. ನೋಡಲು ಚೆಂದವಿತ್ತು, ನಾನೂ ಒಪ್ಪಿದ್ದೆ. ಕೆಲಸಕ್ಕೆ ಬಂದ ಗೌಂಡಿ ಕಾಕಾ ಒಪ್ಪಲಿಲ್ಲ. ಒಂದು ಚೂರನ್ನು ಅಂಚಿನಿಂದ ಹಿಡಿದು ತೋರಿಸಿದರು. ಪುಸ್ತಕದ ಹಾಳೆಗಳಂತೆ ಸಣ್ಣ ಸಣ್ಣ ಗೆರೆ. ‘ಇದು ಖಣಿಯಾಗ ಹೆಂಗ ಮಲಗಿತ್ತೋ ಹಂಗೇ ಮಲಗಿಸಬೇಕ್ರಿ. ನಿಂದ್ರಿಸಿದ್ರ ನೀರು ಒಳಗ ಇಳದು ಪದರ ಬಿಚ್ಚಿಕೊಂತದ.’ ಕರಣೆಯ ತುದಿಯಿಂದ ಆ ಗೆರೆಗೆ ಒಂದೇ ಪೆಟ್ಟು ಕೊಟ್ಟರು. ಕಲ್ಲು ಎರಡು ಹಾಳೆಯಾಗಿ ಅವರ ಅಂಗೈಯಲ್ಲಿ ತೆರೆದುಕೊಂಡಿತು. ನಕ್ಷೆ ಅಲ್ಲೇ ಬದಲಾಯಿತು. ಚೂರುಗಳನ್ನು ಮಲಗಿಸಿ ವರಸೆ ವರಸೆಯಾಗಿ ಏರಿಸುವುದು, ಮೇಲೆ ಅಗಲ ಹಾಸು, ಬೇವಿನ ಮರದ ಸುತ್ತ ಅಲೆಯಂತೆ ಏರಿಳಿಯುವ ಕಟ್ಟೆ. ಶಿಲ್ಪವೂ ಹೌದು, ಕೂಡುವ ಜಾಗವೂ ಹೌದು. ಮರದ ನೆರಳಿಲ್ಲದೆ ಇದು ಆಗುವ ಮಾತಲ್ಲ, ಏಪ್ರಿಲ್‌ನಲ್ಲಿ ಬಿಸಿಲಿಗೆ ಬಿದ್ದ ಫರಸಿ ಮುಟ್ಟಲೂ ಆಗದಷ್ಟು ಕಾಯುತ್ತದೆ.

ಪಾಯದ ವಿಷಯದಲ್ಲಿ ಮಾತ್ರ ತಪ್ಪಿದೆ. ಕಾಕಾ ಆಳ ತೋಡಬೇಕು ಅಂದಿದ್ದರು. ಹಣ ಮುಗಿಯುತ್ತಾ ಬಂದಿತ್ತು, ಉದ್ಘಾಟನೆಗೆ ದಿನ ಗೊತ್ತಾಗಿತ್ತು. ಇದೇನು ಮನೆಯಲ್ಲವಲ್ಲ ಎಂದು ಒಂದೂವರೆ ಅಡಿಗೇ ನಿಲ್ಲಿಸಿದೆ. ನಮ್ಮದು ಎರೆಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬಿ ಮೇಲೇಳುತ್ತದೆ. ಎಲ್ಲ ಕಡೆ ಒಂದೇ ಸಮ ಉಬ್ಬುವುದಿಲ್ಲ, ಅದೇ ತೊಂದರೆ. ಮರದ ಬೇರು ನೀರು ಹೀರುವ ಕಡೆ ಒಂದು ಥರ, ನೀರು ನಿಲ್ಲುವ ಕಡೆ ಇನ್ನೊಂದು ಥರ. ಮೇಲಿನ ಕಲ್ಲು ನಡುವೆ ಸಿಕ್ಕಿ ಒಡೆಯುತ್ತದೆ.

ವಾಲಿದ ಭಾಗವನ್ನು ಪೂರ್ತಿ ಬಿಚ್ಚಿದೆವು. ವಿದ್ಯಾರ್ಥಿಗಳು ಪ್ರತಿ ಕಲ್ಲಿಗೂ ಸೀಮೆಸುಣ್ಣದಲ್ಲಿ ಸಂಖ್ಯೆ ಬರೆದು ಸಾಲಾಗಿ ಇಟ್ಟರು. ಈ ಸಲ ನಾಲ್ಕು ಅಡಿ ತೋಡಿ, ಬೇರು ಅಡ್ಡ ಬಂದಲ್ಲಿ ಪಾಯದ ಗೆರೆಯನ್ನೇ ಸರಿಸಿ, ಎರೆಮಣ್ಣು ತೆಗೆದು ಮೊರಂ, ಅಂದರೆ ಗರಸು ಮಣ್ಣು, ತುಂಬಿದೆವು. ಅರ್ಧ ಅಡಿ ತುಂಬುವುದು, ನೀರು ಹಾಕುವುದು, ದಿಮ್ಮಸು ಹೊಡೆಯುವುದು, ಮತ್ತೆ ಅರ್ಧ ಅಡಿ. ನೀರು ನಿಲ್ಲದಂತೆ ಹೊರಕ್ಕೆ ಇಳಿಜಾರು ಕೊಟ್ಟೆವು. ಉದ್ದಕ್ಕೂ ಒಂದೇ ಕಟ್ಟೆ ಮಾಡದೆ ಮೂರು ತುಂಡು ಮಾಡಿ ನಡುವೆ ಬೆರಳಗಲ ಬಿಟ್ಟೆವು, ನೆಲ ಅಲುಗಿದರೆ ಅವೂ ಅಲುಗಲಿ ಎಂದು. ಆಮೇಲೆ ಮೂರು ಮಳೆಗಾಲ ಕಳೆದಿವೆ.

ಕಟ್ಟೆ ಮುಗಿದ ವಾರದಲ್ಲೇ ಜನ ಬಂದು ಕೂತರು. ಬುತ್ತಿ ಬಿಚ್ಚಿದರು, ಫೋನಿನಲ್ಲಿ ಮಾತಾಡಿದರು, ಪರೀಕ್ಷೆಗೆ ಓದಿದರು. ಕಟ್ಟೆಯಿಂದ ಗ್ಯಾಲರಿಯ ಬಾಗಿಲು ಹತ್ತು ಹೆಜ್ಜೆ. ಆ ಚಳಿಗಾಲದ ಪ್ರದರ್ಶನವನ್ನು ನಾನು ಕಟ್ಟೆಯಿಂದಲೇ ಶುರುಮಾಡಿದೆ. ಮರದ ಹಲಗೆ ಕೆತ್ತಿ ಕಾಗದದ ಮೇಲೆ ಒತ್ತಿ ತೆಗೆದ ಒಂದು ದೊಡ್ಡ ಚಿತ್ರವನ್ನು ಬಾಗಿಲಿಗೆ ಎದುರಾಗಿ ಒಳಗೋಡೆಗೆ ಹಾಕಿದೆ, ಕೂತಲ್ಲಿಂದಲೇ ಅರ್ಧ ಕಾಣಬೇಕು, ಉಳಿದರ್ಧಕ್ಕೆ ಎದ್ದು ಬರಬೇಕು.

ಅದು ಆಳಂದದ ಕಡೆಯ ಒಬ್ಬ ವಿದ್ಯಾರ್ಥಿಯ ಕೆಲಸ. ಕಪ್ಪು ಶಾಯಿ, ಉದ್ದುದ್ದ ಬಿರುಸು ಗೀರು, ಬಾಗಿದ ತುದಿಗಳು. ಕೆಳಗಿನ ಚೀಟಿಯಲ್ಲಿ ‘ಶೀರ್ಷಿಕೆಯಿಲ್ಲ – 3’ ಎಂದು ಬರೆದಿದ್ದ. ಎಲ್ಲಿ ನಿಂತು ನೋಡಬೇಕು ಎಂದು ಕೇಳಿದ್ದ ಅದೇ ಅಕ್ಕ ಕಟ್ಟೆಯಿಂದ ಎದ್ದು ಬಂದರು. ಈ ಸಲ ಚಪ್ಪಲಿ ಕಾಲಲ್ಲೇ ಇತ್ತು. ಬಹಳ ಹೊತ್ತು ನೋಡಿದರು. ‘ನೆಟೆ ಹೊಡದದ ಈ ಹೊಲಕ್ಕ’ ಅಂದರು. ಬೆರಳಿಂದ ತೋರಿಸುತ್ತಾ ಹೋದರು: ‘ಕಾಯಿ ಹಿಡಿಯೋ ಹೊತ್ತಿಗೆ ಒಣಗ್ಯಾದ. ನಿಂತಲ್ಲೇ ಒಣಗ್ಯಾದ. ನಮ್ಮದೂ ಹಿಂಗೇ ಹೋತು.’

ಆ ಹುಡುಗ ಬಾಗಿಲ ಪಕ್ಕದಲ್ಲೇ ನಿಂತಿದ್ದ. 2022ರಲ್ಲಿ ಕಲಬುರಗಿ ಜಿಲ್ಲೆಯಲ್ಲಿ ತೊಗರಿಗೆ ನೆಟೆ ರೋಗ ಬಿದ್ದಾಗ ಅವನ ಅಪ್ಪನ ಹೊಲವೂ ಹೋಗಿತ್ತು. ಕೃತಿ ಅದರ ಬಗ್ಗೆಯೇ ಎಂದು ನನಗೂ ಹೇಳಿರಲಿಲ್ಲ. ಹೆಸರು ಕೊಟ್ಟರೆ ಕಲೆಯ ತೂಕ ಕಡಿಮೆಯಾಗುತ್ತದೆ ಎಂದು ಅವನಿಗೆ ಯಾರೋ ಹೇಳಿದ್ದರು. ಇಬ್ಬರೂ ಬೆಂಚಿನ ಮೇಲೆ ಕೂತು ಅರ್ಧ ಗಂಟೆ ಮಾತಾಡಿದರು. ನಾನು ಹತ್ತಿರ ಹೋಗಲಿಲ್ಲ.

ಮರುವಾರ ವಿದ್ಯಾರ್ಥಿಗಳನ್ನು ಕನಗನಹಳ್ಳಿಗೆ ಕರೆದುಕೊಂಡು ಹೋದೆ. ಚಿತ್ತಾಪುರ ತಾಲೂಕು, ಭೀಮೆಯ ದಂಡೆ, ಸನ್ನತಿಯ ಪಕ್ಕ. ಅಲ್ಲಿನ ಬೌದ್ಧ ಸ್ತೂಪದ ಸುಣ್ಣದಕಲ್ಲಿನ ಹಲಗೆಯೊಂದರಲ್ಲಿ ರಾಜ, ಅವನ ಪಕ್ಕ ರಾಣಿ, ಛತ್ರ ಚಾಮರ ಹಿಡಿದ ಹೆಂಗಸರು. ಜೊತೆಗೆ ಬ್ರಾಹ್ಮಿ ಲಿಪಿಯಲ್ಲಿ ‘ರಾಜ ಅಶೋಕ’ ಎಂಬ ಹೆಸರು. ಸುಮಾರು ಎರಡು ಸಾವಿರ ವರ್ಷದ ಹಿಂದೆ ಕೆತ್ತಿದವರು, ನೋಡುವವರಿಗೆ ತಿಳಿಯಲಿ ಎಂದು ಹೆಸರನ್ನೂ ಕೆತ್ತಿದರು. ಅಶೋಕನ ಚಿತ್ರ ಇದು ಎಂದು ಇವತ್ತು ನಾವು ಹೇಳುವುದು ಆ ಚಿಕ್ಕ ಬರಹದ ಬಲದಿಂದಲೇ. ಹುಡುಗ ಆ ಕಲ್ಲಿನ ಮುಂದೆ ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತಿದ್ದ.

ವಾಪಸು ಬಂದು ಚೀಟಿ ಬದಲಿಸಿದ. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ‘ನೆಟೆ’. ಅಂದಿನಿಂದ ನಮ್ಮ ಗ್ಯಾಲರಿಯಲ್ಲಿ ಚೀಟಿ ಬರೆಯುವ ಮುನ್ನ ಕೃತಿಯನ್ನು ಒಂದು ದಿನ ಹೆಸರಿಲ್ಲದೆ ತೂಗುಹಾಕುತ್ತೇವೆ. ಕಟ್ಟೆಯ ಮೇಲೆ ಕೂತವರನ್ನು ಕರೆದು ಏನು ಕಾಣುತ್ತದೆ ಎಂದು ಕೇಳಿ ಬರೆದುಕೊಳ್ಳುತ್ತೇವೆ. ಕಲಾವಿದರು ತಮ್ಮ ಶೀರ್ಷಿಕೆಯನ್ನೇ ಇಡಬಹುದು, ಬದಲಿಸಬಹುದು, ಅದು ಅವರ ಹಕ್ಕು. ಆದರೆ ಆ ಮಾತುಗಳನ್ನು ಒಮ್ಮೆ ಓದಲೇಬೇಕು.

ಕಟ್ಟೆಯ ಸಂದುಗಳಲ್ಲಿ ಈ ವರ್ಷ ಅಲ್ಲಲ್ಲಿ ಗಾರೆ ಉದುರಿದೆ. ಏಪ್ರಿಲ್ ಎರಡನೆಯ ವಾರ ಗೌಂಡಿ ಕಾಕಾ ಬರುತ್ತೇನೆ ಅಂದಿದ್ದಾರೆ. ಎರಡು ಮೂಟೆ ಸುಣ್ಣ ತಂದು ನೆನೆಹಾಕಿದ್ದೇವೆ. ಮಳೆ ಶುರುವಾಗುವುದರೊಳಗೆ ತುಂಬಿ ಮುಗಿಸಬೇಕು.