ಮುಕ್ತಾಯ ಅಂತ ಬರೆದ ಕೇಸುಗಳ ಮನೆಗೆ ಮತ್ತೆ ಹೋದೆ

ಯಾದಗಿರಿ ಜಿಲ್ಲೆಯಲ್ಲಿ ಮಕ್ಕಳ ರಕ್ಷಣೆಯ ಕೆಲಸಕ್ಕೆ ಸೇರಿ ಏಳು ವರ್ಷ ಆಯ್ತು. ಮನೆ ಕಲಬುರಗಿ. ಬೆಳಿಗ್ಗೆ ರೈಲು, ಸಂಜೆ ರೈಲು, ನಡುವೆ ಬಸ್ಸು, ಟಂಟಂ, ಯಾರದೋ ಬೈಕು. ಬಾಲ್ಯವಿವಾಹದ ಕೇಸುಗಳೇ ಜಾಸ್ತಿ. ಅದು ಬಿಟ್ಟರೆ ಹತ್ತಿ ಬಿಡಿಸಲು ಹೋಗಿ ಶಾಲೆ ಬಿಟ್ಟವರು, ಅಪ್ಪ ಅಮ್ಮ ಬೆಂಗಳೂರಿಗೋ ಪುಣೆಗೋ ದುಡಿಯಲು ಹೋಗಿ ಅಜ್ಜಿ ಹತ್ತಿರ ಉಳಿದವರು.

ನನಗೆ ಏನೋ ಆಗಿದೆ ಅಂತ ಗೊತ್ತಾಗಿದ್ದು ಸುರಪುರದ ಕಡೆಯ ಒಂದು ಹಳ್ಳಿಯಲ್ಲಿ. ಮೇ ತಿಂಗಳ ಬಿಸಿಲು. 16 ವರ್ಷದ ಹುಡುಗಿ, ಮರುದಿನ ಮದುವೆ. ಮಕ್ಕಳ ಸಹಾಯವಾಣಿ 1098ಕ್ಕೆ ಯಾರೋ ಫೋನ್ ಮಾಡಿದ್ದರು. ಪೊಲೀಸರು, ಅಂಗನವಾಡಿ ಅಕ್ಕ, ಪಂಚಾಯಿತಿಯವರು ಎಲ್ಲ ಸೇರಿ ಗದ್ದಲ ಮುಗಿಸಿ ಅಪ್ಪನಿಂದ ಮುಚ್ಚಳಿಕೆ ಬರೆಸಿಕೊಂಡಾಗಿತ್ತು. ನಾನು ಒಳಗೆ ಹುಡುಗಿಯ ಎದುರು ಕೂತು ಫಾರ್ಮ್ ತುಂಬುತ್ತಿದ್ದೆ. ಅವಳ ಕೈಗೆ ಇನ್ನೂ ಅರಿಶಿನ ಮೆತ್ತಿತ್ತು. ಏನೇನೋ ಹೇಳುತ್ತಿದ್ದಳು. ನನ್ನ ತಲೆಯಲ್ಲಿ ಸಂಜೆ ರೈಲು. ಅವಳು ಮಾತು ನಿಲ್ಲಿಸಿ, “ಅಕ್ಕಾ, ನಾ ಹೇಳೋದು ಕೇಳಲಕತ್ತೀರೇನ್ರಿ?” ಅಂದಳು.

ಫಾರ್ಮ್ ನೋಡಿಕೊಂಡೆ. ಅಪ್ಪನ ಹೆಸರಿನ ಜಾಗದಲ್ಲಿ ಹಿಂದಿನ ವಾರದ ಹುಡುಗಿಯ ಅಪ್ಪನ ಹೆಸರು ಬರೆದಿದ್ದೆ.

ಕೆಲಸದಲ್ಲಿ ಬೆಂದು ಬಸವಳಿಯೋದಕ್ಕೆ ಬರ್ನ್‌ಔಟ್ ಅಂತಾರೆ. ಹಾಗಂದರೆ ಅಳೋದು, ಕುಸಿದು ಬೀಳೋದು ಅಂತ ಅಂದುಕೊಂಡಿದ್ದೆ. ನನಗೆ ಅಳುವೇ ಬರುತ್ತಿರಲಿಲ್ಲ. ಯಾರಾದರೂ ಫೋನ್ ಮಾಡಿದರೆ “ಇವರದ್ದೂ ಅದೇ ರಗಳೆ” ಅನ್ನಿಸೋದು, ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ರೋಗ ಅಂತ ಅಲ್ಲ, ಕೆಲಸದ ಒತ್ತಡ ಸರಿಯಾಗಿ ನಿಭಾಯಿಸದೇ ಹೋದಾಗ ಬರುವ ಸ್ಥಿತಿ ಅಂತ ಪಟ್ಟಿಗೆ ಸೇರಿಸಿ ಮೂರು ಲಕ್ಷಣ ಹೇಳಿದೆ. ಸುಸ್ತು, ಕೆಲಸದ ಮೇಲೆ ಬೇಸರ ಬಂದು ಮನಸ್ಸು ದೂರ ಆಗೋದು, ನನ್ನಿಂದ ಏನೂ ಆಗಲ್ಲ ಅನ್ನಿಸೋದು. ಸುಸ್ತು ನನಗೆ ಹೊಸದಲ್ಲ, ನಮ್ಮ ಬಿಸಿಲಲ್ಲಿ ಯಾರಿಗಿಲ್ಲ ಹೇಳಿ. ನನಗೆ ಬಡಿದಿದ್ದು ಎರಡನೆಯದು.

ಮೊದಲು ನಡೆಯದ್ದನ್ನು ಹೇಳಿಬಿಡುತ್ತೇನೆ. ಒತ್ತಡ ನಿರ್ವಹಣೆಯ ಒಂದು ದಿನದ ತರಬೇತಿಗೆ ಕಳಿಸಿದರು. ಉಸಿರಾಟ ಕಲಿಸಿದರು, ಊಟ ಚೆನ್ನಾಗಿತ್ತು. ಅದಕ್ಕೆ ಹೋಗಿಬಂದ ಬಸ್ ಚಾರ್ಜ್ ಕೈಗೆ ಬರಲು ನಾಲ್ಕು ತಿಂಗಳು ಹಿಡಿಯಿತು, ಆ ಒತ್ತಡ ಬೇರೆ! ಡೈರಿ ಬರಿ ಅಂದರು ಗೆಳತಿ. ದಿನಪೂರ್ತಿ ರಿಪೋರ್ಟ್ ಬರೆಯುವವಳು ರಾತ್ರಿ ಮತ್ತೆ ಪೆನ್ನು ಹಿಡಿಯೋದಾ? ಮೂರು ದಿನಕ್ಕೆ ಬಿಟ್ಟೆ.

14416ಕ್ಕೆ ಫೋನ್ ಮಾಡಿದ್ದು ಸ್ವಲ್ಪ ಕೆಲಸಕ್ಕೆ ಬಂತು. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ, 2022ರಲ್ಲಿ ಶುರುವಾಗಿದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಊರ ತುಂಬಾ ಈ ನಂಬರ್ ಹಂಚಿದವಳು ನಾನೇ, ಆದರೆ ನಾನು ಒತ್ತಲು ಒಂದು ವಾರ ನಾಚಿಕೆ. ರಾತ್ರಿ ಮಾಳಿಗೆ ಮೇಲೆ ಹೋಗಿ ಮಾತಾಡಿದೆ. ಆ ಕಡೆಯವರು ಉಪದೇಶ ಮಾಡಲಿಲ್ಲ. “ನೀವು ಕೊನೆಯದಾಗಿ ಒಂದು ಕೇಸ್ ಒಳ್ಳೆಯದಾಗಿದ್ದನ್ನು ಯಾವಾಗ ನೋಡಿದಿರಿ?” ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಯಾಕೆ ಅಂದರೆ ನಾವು ನೋಡೋದು ಬೆಂಕಿ ಹತ್ತಿದ ದಿನ ಮಾತ್ರ. ಮದುವೆ ನಿಲ್ಲಿಸಿದೆವು, ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಿದೆವು, ಒಂದೆರಡು ಫಾಲೋ ಅಪ್ ಫೋನಲ್ಲೇ ಮುಗಿಸಿದೆವು, ಫೈಲ್ ಮೇಲೆ ಮುಕ್ತಾಯ ಅಂತ ಬರೆದೆವು. ಆಮೇಲೆ ಆ ಹುಡುಗಿ ಏನಾದಳು? ಗೊತ್ತಿಲ್ಲ. ಏಳು ವರ್ಷದ ಜಗಳ, ಬೈಗುಳ, ಅಳು ಎಲ್ಲ ತಲೆಯಲ್ಲಿದೆ, ಫಲ ಮಾತ್ರ ಒಂದೂ ಕಂಡಿಲ್ಲ.

ಅದಕ್ಕೇ ತಿಂಗಳಿಗೆ ಒಂದು ಹಳೇ ಕೇಸಿನ ಮನೆಗೆ ಹೋಗೋದು ಅಂತ ಮಾಡಿಕೊಂಡೆ. ಆ ಕಡೆ ಬೇರೆ ಕೆಲಸ ಬಿದ್ದಾಗ ಮಾತ್ರ, ಫಾರ್ಮ್ ಇಲ್ಲದೆ, ಅಕ್ಕಪಕ್ಕದವರಿಗೆ ಸುದ್ದಿ ಆಗದ ಹಾಗೆ. ಮೊದಲ ಮನೆ ಶಹಾಪುರ ತಾಲೂಕಿನ ಒಂದು ತಾಂಡಾ. ನನ್ನನ್ನು ಬಾಗಿಲಲ್ಲಿ ಕಂಡಿದ್ದೇ ತಾಯಿ ಗಾಬರಿಯಾಗಿ, “ಈ ಸಲ ಯಾರ ಮದುವಿನೂ ಇಲ್ರಿ ಅಕ್ಕಾ!” ಅಂದರು. ಸುಮ್ನೆ ಬಂದೆ ಅಂದರೆ ನಂಬಲೇ ಇಲ್ಲ. ಚಾ ಆಯ್ತು, ರೊಟ್ಟಿ ಶೇಂಗಾ ಹಿಂಡಿ ಆಯ್ತು, ಆಮೇಲೆ ನಂಬಿದರು. ಮಗಳು ಹಾಸ್ಟೆಲ್‌ನಲ್ಲಿದ್ದು ಪಿಯುಸಿ ಓದುತ್ತಿದ್ದಾಳೆ. ಮೂರು ವರ್ಷದ ಹಿಂದೆ ಇದೇ ತಾಯಿ ನನಗೆ ಮಣ್ಣು ತೂರಿದ್ದರು.

ಎಲ್ಲ ಮನೆ ಹೀಗಿರಲಿಲ್ಲ. ಗುರುಮಠಕಲ್ ಕಡೆಯ ಒಬ್ಬಳನ್ನು ನಾವು ಬಂದುಹೋದ ಎರಡೇ ತಿಂಗಳಿಗೆ ಗಡಿ ದಾಟಿಸಿ ತೆಲಂಗಾಣದ ನೆಂಟರ ಊರಲ್ಲಿ ಮದುವೆ ಮಾಡಿದ್ದರು. ನಮ್ಮ ರಾಜ್ಯದ 2016ರ ತಿದ್ದುಪಡಿ ಪ್ರಕಾರ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು. ಕಾಗದದಲ್ಲಿ. ಅವಳ ಕಂಕುಳಲ್ಲಿ ಮಗು ಇತ್ತು. ಅವತ್ತು ರೈಲಲ್ಲಿ ಅಳು ಬಂತು, ಎಷ್ಟೋ ದಿನದ ಮೇಲೆ. ವಿಚಿತ್ರ ಅಂದರೆ ಅದರಿಂದ ಹಗುರಾಯ್ತು.

ಇನ್ನು ಸಣ್ಣಪುಟ್ಟವು. ಕೆಲಸಕ್ಕೆ ಬೇರೆ ಸಿಮ್ ತಗೊಂಡೆ. ರಾತ್ರಿ ಪಾಳಿ ಯಾರದ್ದೋ ಅವರ ಕೈಗೆ ಆ ಫೋನ್. ಸಂಜೆ ರೈಲು ದಾರಿಯ ವಾಡಿ ಸ್ಟೇಷನ್ ದಾಟಿದ ಮೇಲೆ ಕೆಲಸದ ಮಾತಿಗೆ ಫೋನ್ ಮುಟ್ಟಲ್ಲ. ಸಿಮೆಂಟ್ ಫ್ಯಾಕ್ಟರಿ ದೀಪ ಹಿಂದೆ ಹೋಯ್ತು ಅಂದರೆ ನನ್ನ ಡ್ಯೂಟಿ ಮುಗೀತು. ಕಷ್ಟದ ಮನೆಗೆ ಒಬ್ಬಳೇ ಹೋಗಲ್ಲ. ಬಂದ ಮೇಲೆ ಇಬ್ಬರೂ ಹತ್ತು ನಿಮಿಷ ಚಾ ಅಂಗಡಿಯಲ್ಲಿ ಕೂತು ಬೈಯುವುದನ್ನೆಲ್ಲ ಬೈದು ಮುಗಿಸುತ್ತೇವೆ.

ಸಂಬಳದ್ದು ಬೇರೆ ಕಥೆ. ಗುತ್ತಿಗೆ ನೌಕರಿ, ವರ್ಷ ವರ್ಷ ನವೀಕರಣ, ಎರಡು ಮೂರು ತಿಂಗಳು ತಡ. ಇದಕ್ಕೆ ಯಾವ ಪ್ರಾಣಾಯಾಮವೂ ನಡೆಯಲ್ಲ. ಆರು ಜನ ಸೇರಿ ಒಂದೇ ಪತ್ರ ಕೊಟ್ಟೆವು. ಸಂಬಳ ಈಗಲೂ ತಡವೇ, ಆದರೆ ಯಾವ ತಾರೀಖಿಗೆ ಬರುತ್ತೆ ಅಂತ ಹೇಳುತ್ತಾರೆ. ಬಾಡಿಗೆ ಕೇಳುವ ಮನೆ ಮಾಲೀಕರಿಗೆ ಹೇಳಲು ಅಷ್ಟಾದರೂ ಬೇಕಲ್ವಾ.

ಅರಿಶಿನದ ಕೈಯ ಹುಡುಗಿಯ ಮನೆಗೆ ಹೋಗಲು ನನಗೆ ಒಂದು ವರ್ಷ ಬೇಕಾಯ್ತು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಒಂದೇ ಉಳಿದಿತ್ತಂತೆ, ಎರಡನೇ ಪರೀಕ್ಷೆಗೆ ಕೂರುತ್ತಿದ್ದಳು. ಅವತ್ತು ಏನು ಹೇಳುತ್ತಿದ್ದೆ ಅಂತ ಕೇಳಿದೆ. ಅವಳಿಗೇ ನೆನಪಿರಲಿಲ್ಲ. ಪುಸ್ತಕ ತಂದು ತ್ರಿಕೋನಮಿತಿಯ ಒಂದು ಲೆಕ್ಕ ತೋರಿಸಿ, “ಇದಾದರೂ ಹೇಳಿಕೊಡ್ರಿ ಅಕ್ಕಾ” ಅಂದಳು. ನನಗೆಲ್ಲಿ ಬರಬೇಕು? ಸಂಜೆ ರೈಲು ವಾಡಿ ದಾಟಿತ್ತು, ಫೋನ್ ತೆಗೆದು ಹತ್ತನೇ ಕ್ಲಾಸಿನ ಗಣಿತದ ವಿಡಿಯೋ ಹುಡುಕುತ್ತಾ ಕೂತೆ.